ಹಿಂಡಾಕ ಹೋಗ್ಯಾಳ

ಶಾಂತಾ, ಬಟ್ಟೆ ಒಗೆಯುವ ಆ ಕೋಣೆಯನ್ನು ನಾನು ಕಟ್ಟಿಸಿದ್ದು ನಿನ್ನ ಸೊಂಟದ ನೋವಿಗಾಗಿ ಅಲ್ಲ. ನಿನ್ನನ್ನು ಕಾಯುವುದಕ್ಕಾಗಿ. ನೋಡು — ಬರೆದುಬಿಟ್ಟೆ. ಗಂಡನಾಗಿ ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಮಾತು. ನೀನು ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಮಾತಾಡುತ್ತೀ, ಓದಲಾರೆ. ಆ ಧೈರ್ಯದ ಮೇಲೆಯೇ ಇಷ್ಟು ಶೂರನಾಗಿದ್ದೇನೆ.

ನಾನು ಎಂಥ ಅನುಮಾನದ ಪ್ರಾಣಿ ಎಂದು ನಿನಗೆ ಗೊತ್ತು. ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಊಟದ ನಡುವೆ ಎದ್ದು ಬಂದು ಮತ್ತೆ ಎಳೆಯುವವನು. ಆದರೆ ನಿನ್ನನ್ನೂ ಹಾಗೆಯೇ ಎಳೆದು ನೋಡಿದ್ದೆ ಎಂಬುದು ನಿನಗೆ ಗೊತ್ತಿಲ್ಲ.

ಆಗೆಲ್ಲ ಮಧ್ಯಾಹ್ನ, ಅಂಗಡಿಯ ಗಾದಿಯ ಮೇಲಿಂದಲೇ ಹಿಂದಿನ ಮನೆಗೆ ಕೂಗುತ್ತಿದ್ದೆ: “ಶಾಂತಾ ಎಲ್ಲಿ ಅದಾಳ?”

ಒಳಗಿನಿಂದ ಅವ್ವ: “ಹಿಂಡಾಕ ಹೋಗ್ಯಾಳಪಾ!”

ದಿನವಿಡೀ ಗಿರಾಕಿಗಳೊಂದಿಗೆ ಮರಾಠಿ ಆಡುವ ನನ್ನ ಕಿವಿಗೆ ಅದು ಮರಾಠಿಯ ‘ಹಿಂಡಣೆ’ಯಾಗಿ ಬೀಳುತ್ತಿತ್ತು — ಊರು ತಿರುಗುವುದು. ದಿನಾ ತಿರುಗಲು ಹೋಗುತ್ತಾಳೆ. ಎಲ್ಲಿಗೆ? ಯಾರೊಂದಿಗೆ? ಕೇಳಲಿಲ್ಲ — ಕೇಳಿದರೆ ಉತ್ತರ ಬಂದೀತು ಎಂಬ ಭಯ. ಬದಲಿಗೆ ನಿನ್ನ ಚಪ್ಪಲಿ ನೋಡಿದೆ. ಬಾಗಿಲಲ್ಲೇ ಇದ್ದವು. ಬೇರೆ ಯಾವ ಗಂಡನಾದರೂ ನಿರಾಳನಾಗುತ್ತಿದ್ದ, ನಾನು ಬೆವೆತೆ. ಬರಿಗಾಲಲ್ಲಿ ಹೋಗುವಷ್ಟು ಹತ್ತಿರವೆಂದರೆ — ನಮ್ಮ ಓಣಿಯವನೇ! ಆಮೇಲೆ ನೀನು ಚಹಾ ತರುವಾಗ ಸೆರಗು ಒದ್ದೆ, ಅಂಗೈ ಕೆಂಪು, ಮುಖದ ಮೇಲೆ ಇನ್ನೂ ಆರದ ನಗು. ಆ ನಗುವನ್ನೇ ನಾನು ಸಾಕ್ಷಿ ಮಾಡಿಕೊಂಡೆ.

ಹಾಗೆ ಹುಟ್ಟಿತು ಆ ಕೋಣೆ. ಬಗ್ಗದೆ ಒಗೆಯಲು ಸೊಂಟದೆತ್ತರದ ಕಟ್ಟೆ, ಕಾಲು ಜಾರದ ಫರಸಿ ಕಲ್ಲು, ನೀರು ನಿಲ್ಲದ ಇಳಿಜಾರು, ಸಾಬೂನಿಗೊಂದು ಗೂಡು, ಅಲ್ಲೇ ಒಣಹಾಕಲು ಕೋಲುಗಳು — ಎಲ್ಲವನ್ನೂ ನಾನೇ ಯೋಚಿಸಿದೆ. ಪ್ರೀತಿಯಿಂದ ಕೂಡ ಅಷ್ಟು ಚೆನ್ನಾಗಿ ಯೋಚಿಸುತ್ತಿದ್ದೆನೋ ಇಲ್ಲವೋ. ಹೊಸದಾಗಿ ತಂದ ಬಟ್ಟೆ ಒಗೆಯುವ ಮಶೀನಿಗೆ ಹಿತ್ತಲ ಬಾಗಿಲಿನ ಜಾಗವೇ ಬೇಕೆಂದೆ, ಬಾಗಿಲು ಗೋಡೆಯಾಯಿತು. ಕಿಟಕಿಯನ್ನು ನನ್ನ ಗಾದಿಯ ಕಡೆಗೆ ಇಡಲು ಹೇಳಿದೆ.

“ಶೇಟಜಿ, ಖಿಡಕಿ ಇಕಡಿ ಇಟ್ರ ಒಣಾ ಹಾಕಿದ ಅರಿವಿಗೆ ಬಿಸಲ ಬೀಳಂಗಿಲ್ರಿ,” ಎಂದ ಗೋಡೆ ಕಟ್ಟುವ ಗವಂಡಿ.

“ಬಿಸಲ ಬ್ಯಾಡ. ಬೆಳಕ ಸಾಕು,” ಎಂದೆ. ಬೆಳಕಂತೆ!

ಮಶೀನು ಮೊದಲ ಸಲ ಗರಗರ ತಿರುಗಿದಾಗ ಅವ್ವ ಅದರ ಗಾಜಿನೊಳಗೆ ಇಣುಕಿದಳು. “ಛಲೋ ಆತ್ ನೋಡವಾ ಶಾಂತಾ. ಇನ್ನ ಮಾಳಿಗಿ ಮ್ಯಾಲ ಹಿಂಡಾಕ ಹೋಗೂದು ತಪ್ಪಿತು. ಇದೇ ಹಿಂಡತೈತಿ!”

ಹಿಂಡುವುದು. ಬಟ್ಟೆ ಹಿಂಡುವುದು.

ನಮ್ಮ ಸೋಲಾಪುರದ ದಪ್ಪ ಚಾದರ ನೆನೆದರೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಂದು ತುದಿ ನೀನು, ಇನ್ನೊಂದು ತುದಿ ಪಕ್ಕದ ಮನೆಯ ಮಹಾನಂದಾ. ಹಿತ್ತಲ ಮೆಟ್ಟಿಲು ಹತ್ತಿ, ಎರಡೂ ಮನೆಗಳ ಮಾಳಿಗೆಯ ನಡುವಿನ ಗಿಡ್ಡ ಗೋಡೆಯ ಆಚೆ ಈಚೆ ನಿಂತು, ಎದುರುಬದುರು ತಿರುವುತ್ತಾ ನಗುತ್ತಿದ್ದಿರಂತೆ. ನಮ್ಮಂಥ ಮನೆಗಳಲ್ಲಿ ಹೆಂಗಸು ಗೆಳತಿಯ ಹತ್ತಿರ ನಿಲ್ಲಬೇಕಾದರೂ ಒಂದು ನೆಪ ಬೇಕು. ನಿನ್ನ ನೆಪ ಒದ್ದೆ ಚಾದರ. ಅದನ್ನು ನಾನು — ಅನುಕೂಲದ ಹೆಸರಿನಲ್ಲಿ —

ಆಗಲೇ ಹೇಳಬಹುದಿತ್ತು. ಸಿಮೆಂಟು ಇನ್ನೂ ಹಸಿಯಿತ್ತು. ಆದರೆ ನೀನು ತವರಿನವರಿಗೆ ಕಟ್ಟೆ ಸವರಿ ತೋರಿಸುತ್ತಾ, “ಇವರ ನನ್ನ ಸಲುವಾಗಿ ಮಾಡ್ಸ್ಯಾರ ಮತ್ತ!” ಎಂದೆ. ನಾನು ತಲೆ ತಗ್ಗಿಸಿದೆ. ಅವರು ಅದನ್ನು ಸಂಕೋಚವೆಂದು ತಿಳಿದರು.

ಮಹಾನಂದಾ ಮಗಳ ಮನೆಯವರೊಂದಿಗೆ ಅಕ್ಕಲಕೋಟಕ್ಕೆ ಹೋಗಿ ನೆಲೆಸುವ ಮುಂಚೆ ಅಂಗಡಿಗೇ ಬಂದಳು. “ಭಾವೋಜಿ, ನಿಮ್ಮ ಮಶೀನ ಅರಿವಿ ಅಷ್ಟ ನುಂಗಲಿಲ್ರಿ, ನನ್ನ ಗೆಳತೀನ್ನೂ ನುಂಗ್ತು,” ಎಂದು ನಕ್ಕಳು. ನಾನೂ ನಕ್ಕೆ. ನೀನು ಕಿಟಕಿಯಲ್ಲಿ ನಿಂತಿದ್ದೆ, ನಗಲಿಲ್ಲ. ಅಂದಿನಿಂದ ಚಹಾದ ಜೊತೆ ಬರುವುದು ಬರೀ ಚಹಾ.

ಚಟ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಇವತ್ತೂ ಗಾದಿಯಿಂದ ಕಿಟಕಿಯತ್ತ ಕಣ್ಣು ಹಾಯಿಸಿ, ನೀನು ಅಲ್ಲೇ ಇದ್ದೀಯೆಂದು ನೋಡಿಕೊಂಡೆ.

ನಾಳೆ ಗವಂಡಿ ಬರುತ್ತಾನೆ. ಮಶೀನು ಸರಿಸಿ, ಗೋಡೆ ಒಡೆಸಿ, ಹಿತ್ತಲ ಬಾಗಿಲನ್ನು ಮತ್ತೆ ಇಡಿಸುತ್ತೇನೆ. “ಯಾಕ್ರಿ, ಛಲೋ ಇದ್ದ ಗ್ವಾಡಿ?” ಎಂದು ನೀನು ಕೇಳುತ್ತೀ. ಆಗ ಇದನ್ನು ನಾನೇ ನಿನಗೆ ಓದಿ ಹೇಳಬೇಕು — ಒಂದು ಅಕ್ಷರವನ್ನೂ ಬಿಡದೆ. ಗೋಡೆಯ ಆಚೆ ಮೆಟ್ಟಿಲಿದೆ, ಮಾಳಿಗೆಯಿದೆ, ಬಿಸಿಲಿದೆ. ಚಾದರದ ಆ ತುದಿ ಹಿಡಿಯುವವಳು ಇಲ್ಲ.