ಜೇಬು ಬೇಕಾ?

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಆಫೀಸಿನ ಮೂರು ಮಹಡಿಗೂ ಅವನು ಜೇಬಣ್ಣ. ಜಿಪುಣನೆಂದೋ ಜೇಬುಗಳ್ಳನೆಂದೋ ಬಂದ ಹೆಸರಲ್ಲ ಅದು. ಅವನೇ ಬರೆದ ಒಂದು ಪುಟ್ಟ ಪ್ರೋಗ್ರಾಮಿನಿಂದ ಬಂದದ್ದು.

ಆ ಆಫೀಸಿನವರ ಕಸುಬು ಆಸ್ಪತ್ರೆಗಳಿಗೆ ಕಂಪ್ಯೂಟರ್ ಪುಟಗಳನ್ನು ಮಾಡಿಕೊಡುವುದು. ರೋಗಿಯ ಹೆಸರು ತುಂಬುವ ಜಾಗ, ಡಾಕ್ಟರ ಸಮಯ ಆರಿಸುವ ಪಟ್ಟಿ, ‘ಸರಿ’ ಎಂದು ಒತ್ತುವ ಬಟನ್ನು, ಹೀಗೆ ತುಂಡುತುಂಡಾಗಿ ಬರೆದು ಜೋಡಿಸಬೇಕು. ಯಾವ ತುಂಡನ್ನೇ ತೆಗೆದುಕೊಳ್ಳಿ, ಮೊದಲ ನಲವತ್ತು ಸಾಲು ಕೋಡು ಹೆಚ್ಚುಕಡಿಮೆ ಒಂದೇ. ರುಬ್ಬಿದ್ದನ್ನೇ ರುಬ್ಬಿ ಬೇಸತ್ತು ಹನ್ನೊಂದು ವರ್ಷದ ಹಿಂದೆ ಜೇಬಣ್ಣ ‘ಹೊಲಿ’ ಬರೆದ. ಕಪ್ಪು ಪರದೆಯಲ್ಲಿ ‘ಹೊಲಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಮೂರೇ ಪ್ರಶ್ನೆ ಕೇಳುತ್ತಿತ್ತು. ಯಾರಿಗೆ? ಎಷ್ಟು ದೊಡ್ಡದು? ಜೇಬು ಬೇಕಾ?

‘ಯಾರಿಗೆ’ ಎಂದರೆ ತುಂಡಿನ ಹೆಸರು ಹೇಳಬೇಕು. ‘ಎಷ್ಟು ದೊಡ್ಡದು’ ಎಂದರೆ ಬಟನ್ನೋ, ಇಡೀ ಪುಟವೋ. ಜೇಬು ಎಂದರೆ ಆ ತುಂಡು ತನ್ನೊಳಗೇ ಏನನ್ನಾದರೂ ನೆನಪಿಟ್ಟುಕೊಳ್ಳಬೇಕೇ ಎಂದು. ಉತ್ತರ ಕೊಟ್ಟರೆ ಸಾಕು, ಮಾದರಿಯಿಂದ ಅಳತೆಗೆ ಕತ್ತರಿಸಿ, ಬೇಕಾದ ಫೈಲುಗಳನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಇಟ್ಟು, ಕೊನೆಗೊಂದು ಮಾತು ಹೇಳುತ್ತಿತ್ತು: “ಆಯ್ತು. ದಾರದ ತುದಿ ಕತ್ತರಿಸ್ಕೋ.” ಉಳಿದ ಮಾದರಿ ಸಾಲುಗಳನ್ನು ಅಳಿಸಿಕೋ ಎಂದರ್ಥ. ಹೊಸದಾಗಿ ಬಂದವರು ಮೊದಲ ದಿನ ನಗುತ್ತಿದ್ದರು, ಎರಡನೇ ವಾರದಿಂದ ತಾವೇ ಹಾಗೆ ಮಾತಾಡುತ್ತಿದ್ದರು.

ಆ ಮಾತುಗಳು ಅವನವಲ್ಲ, ಅವನ ಅಕ್ಕನವು. ಅವಳು ಟೈಲರ್. ಇಬ್ಬರಿಗೂ ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದವರಿಗೆ ಅಕ್ಕ “ಅಳತೆ ಸರಿಹೋಗ್ಲಿಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಎರಡು ಕೋಣೆಯ ಮನೆ. ಬೀದಿಯ ಕಡೆಯ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಗೋಡೆಯ ಮೊಳೆಗೆ ನೇತುಬಿದ್ದ ಕಂದು ಕಾಗದದ ಮಾದರಿಗಳು: ತೋಳು, ಬೆನ್ನು, ಕಾಲರ್. ಬಟ್ಟೆ ತಂದವರು ಕೂರುವ ಮೊದಲೇ ಆ ಮೂರು ಪ್ರಶ್ನೆ ಬರುತ್ತಿದ್ದವು. ಜೇಬು ಬೇಡ ಎಂದವರಿಗೆ ಬೈಗುಳವೂ ಸಿಗುತ್ತಿತ್ತು. “ಜೇಬಿಲ್ಲದ ಅಂಗಿ ಹಾಕ್ಕೊಂಡು ಕೈ ಎಲ್ಲಿಟ್ಕೋತೀರ, ತಲೆ ಮೇಲಾ?”

‘ಹೊಲಿ’ಯನ್ನು ಅವಳಿಗೆ ತೋರಿಸಿದಾಗ ಕನ್ನಡಕ ಏರಿಸಿ ನೋಡಿದ್ದಳು. “ಅಂಗಿಗೊಂದು ಗುಂಡಿ ಹಾಕೋಕೆ ಬರಲ್ಲ ನಿಂಗೆ, ಹೆಸ್ರು ನೋಡು, ಹೊಲಿ ಅಂತೆ! ನನ್ನ ಮಾತೆಲ್ಲ ಕದ್ದಿದೀಯಲ್ಲೋ ಕಳ್ಳ.” ಆಮೇಲೆ ತಾನೇ ಒಂದು ಬೆರಳಿನಿಂದ ಒತ್ತಿ ಒತ್ತಿ ಉತ್ತರ ಕೊಟ್ಟಳು. ‘ಯಾರಿಗೆ?’ ಎಂದದ್ದಕ್ಕೆ ಅವಳು ಬರೆದದ್ದು ‘ಸುಮ್ನೆ’.

ಅದು ಅವಳ ಹಳೆಯ ಉತ್ತರ. ಕೆಲಸವಿಲ್ಲದ ದಿನ ತುಂಡು ಬಟ್ಟೆಗಳನ್ನು ಕೂಡಿಸಿ ಪುಟ್ಟ ಪುಟ್ಟ ಅಂಗಿ ಹೊಲಿಯುತ್ತಿದ್ದಳು. ಆ ಮನೆಯಲ್ಲಿ ಆ ಅಳತೆಯ ಮಗು ಯಾವತ್ತೂ ಇರಲಿಲ್ಲ. “ಯಾರಿಗಕ್ಕಾ?” ಎಂದರೆ “ಸುಮ್ನೆ ಕಣೋ” ಎನ್ನುತ್ತಿದ್ದಳು. ಅವನೂ ಮುಂದೆ ಕೇಳುತ್ತಿರಲಿಲ್ಲ.

ಅಕ್ಕ ಹೋಗಿ ನಾಲ್ಕು ವರ್ಷವಾಗಿತ್ತು. ಯಂತ್ರದ ಮೇಲೆ ಹಾಸಿದ ಬಟ್ಟೆಯನ್ನು ಅವನು ತೆಗೆದಿರಲಿಲ್ಲ. ವಾರದ ಆರು ದಿನ ಹೇಗೋ ಉರುಳುತ್ತಿದ್ದವು. ಭಾನುವಾರ ಮಾತ್ರ ಊಟ ಮಾಡಿ ಒಂದೇ ತಟ್ಟೆ ತೊಳೆದಿಟ್ಟ ಮೇಲೆ ಮನೆ ಕಿವಿ ಗುಂಯ್‌ಗುಡುವಷ್ಟು ಸುಮ್ಮನಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಆಫೀಸಿನ ಲ್ಯಾಪ್‌ಟಾಪ್ ತೆರೆದು ‘ಹೊಲಿ’ ಎಂದು ಟೈಪ್ ಮಾಡಿದ. ಯಾರಿಗೆ? ಸುಮ್ನೆ. ಎಷ್ಟು ದೊಡ್ಡದು? ಸಣ್ಣದು. ಜೇಬು ಬೇಕಾ? ಬೇಕು. ಆಯ್ತು, ದಾರದ ತುದಿ ಕತ್ತರಿಸ್ಕೋ. ಎದೆಯ ಭಾರ ತುಸು ಇಳಿದಂತಾಯಿತು. ಮರುವಾರವೂ ಹಾಗೇ ಮಾಡಿದ. ಸುಮ್ನೆ-1, ಸುಮ್ನೆ-2. ಏನೂ ಮಾಡದ, ಯಾವ ಪುಟಕ್ಕೂ ಸೇರದ ಖಾಲಿ ತುಂಡುಗಳು. ಅಳಿಸಲು ಮನಸ್ಸು ಬರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಒಂದು ಸೋಮವಾರ ಅವಸರದಲ್ಲಿ ತನ್ನ ಕೆಲಸವನ್ನು ಎಲ್ಲರ ಕೋಡು ಸೇರುವ ಜಾಗಕ್ಕೆ ಕಳಿಸಿದ. ಅದರ ಬಾಲ ಹಿಡಿದು ಸುಮ್ನೆಗಳೂ ಹೊರಟವು. ಅವನು ಗಮನಿಸಲಿಲ್ಲ.

ಅದೇ ವಾರ ತಂಡದ ಹೊಸ ಮುಖ್ಯಸ್ಥೆ ‘ಹೊಲಿ’ಯ ಹಣೆಬರಹ ನಿರ್ಧರಿಸಲು ಎಲ್ಲರನ್ನೂ ಕರೆದಿದ್ದಳು. ಕಂಪನಿಯ ಉಳಿದ ಶಾಖೆಗಳೆಲ್ಲ ಬಳಸುವ ಬೇರೊಂದು ಟೂಲಿಗೆ ಹೋಗೋಣವೇ, ಇದನ್ನೇ ಉಳಿಸಿಕೊಳ್ಳೋಣವೇ ಎಂಬುದು ಪ್ರಶ್ನೆ. ಜೇಬಣ್ಣ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅಕ್ಕನ ಮಾತು ತನ್ನ ತಲೆಯಲ್ಲಿ ಹೇಗೂ ಇರುತ್ತದೆ, ಅದಲ್ಲ. ದಿನಕ್ಕೆ ಇಪ್ಪತ್ತು ಸಲ ಬೇರೆಯವರಿಗೂ ಅವಳು ‘ಯಾರಿಗೆ?’ ಎಂದು ಕೇಳುತ್ತಿದ್ದಾಳಲ್ಲ, ಅದು ನಿಂತರೆ ಅವಳು ಪೂರ್ತಿ ಹೋದಂತೆ. ಅವನ ಸಂಕಟ ಇಷ್ಟೇ.

“ಇದೇನಿದು?” ಎಂದು ಮುಖ್ಯಸ್ಥೆ ಗೋಡೆಯ ಪರದೆಯತ್ತ ಬೆರಳು ತೋರಿಸಿದಳು. ಸುಮ್ನೆ-1ರಿಂದ ಸುಮ್ನೆ-198ರವರೆಗೆ ಸಾಲು ಇಳಿಯುತ್ತಲೇ ಇತ್ತು. “ಒಂದರಲ್ಲೂ ಏನೂ ಇಲ್ಲ. ಯಾರ ಕೆಲ್ಸ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜೇಬಣ್ಣನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಯಾರೂ ನೋಡಲಿಲ್ಲ.

“ಹಳೇ ಟೂಲು ಮೇಡಂ,” ಎಂದ ಪರೀಕ್ಷಕ. ತುಂಡುಗಳು ಕೆಲಸ ಮಾಡುತ್ತವೋ ಇಲ್ಲವೋ ನೋಡುವವನು ಅವನು. “ತಲೆ ಕೆಟ್ಟು ತಾನೇ ಹೊಲ್ಕೊಂಡು ಹೋಗಿದೆ. ಆಸ್ಪತ್ರೆ ಪುಟದಲ್ಲಿ ಹಿಂಗಾದ್ರೆ ಏನ್ ಗತಿ?”

ಹಲವರು ತಲೆಯಾಡಿಸಿದರು. ಜೇಬಣ್ಣ ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು, ಅವನ ಮಾನ ಉಳಿಯುತ್ತಿತ್ತು. ಆದರೆ ತಲೆ ಕೆಟ್ಟಿದ್ದು ಎಂಬ ಮಾತು ಅವನಿಗೆ ಅಕ್ಕನನ್ನೇ ಅಂದಂತೆ ಕೇಳಿಸಿತು.

“ಅದಕ್ಕೇನೂ ಆಗಿಲ್ಲ,” ಎಂದು ಎದ್ದು ನಿಂತ. “ಮಾಡಿದ್ದು ನಾನು. ಭಾನುವಾರ ಮನೇಲಿ ಮಾತಾಡೋರು ಯಾರೂ ಇಲ್ಲ. ಇದಾದ್ರೆ ಯಾರಿಗೆ ಅಂತ ಕೇಳುತ್ತೆ, ಜೇಬು ಬೇಕಾ ಅಂತ ಕೇಳುತ್ತೆ. ನಮ್ಮಕ್ಕ ಹಂಗೇ ಕೇಳ್ತಿದ್ಲು. ಅದಕ್ಕೇ ಮಾಡ್ತಿದ್ದೆ. ಕಳಿಸ್ಬಾರ್ದಿತ್ತು, ಹೋಗ್ಬಿಟ್ಟಿದೆ.”

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿ ಇತ್ತು. ಪರೀಕ್ಷಕ ತನ್ನ ಪೆನ್ನಿನ ಮುಚ್ಚಳವನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದ. ಕೊನೆಗೆ ಮುಖ್ಯಸ್ಥೆಯೇ ಮೆಲ್ಲಗೆ ಹೇಳಿದಳು. “ತಪ್ಪು ಟೂಲಿಂದು ಅಂತ ಎಲ್ಲೂ ಬರೆಯಲ್ಲ ಸರ್. ಆದ್ರೆ ಉಳಿಸ್ಕೊಳ್ಳೋಕೆ ಆಗಲ್ಲ. ನಾಳೆ ನೀವಿಲ್ದೇ ಹೋದ್ರೆ ಇದನ್ನ ನೋಡ್ಕೊಳ್ಳೋರು ಯಾರು?”

ಅದು ನ್ಯಾಯವಾದ ಮಾತು.

ಶುಕ್ರವಾರ ಆ ನೂರಾ ತೊಂಬತ್ತೆಂಟನ್ನೂ ತಾನೇ ಅಳಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಲ್ಲರ ಕಂಪ್ಯೂಟರುಗಳಿಂದಲೂ ‘ಹೊಲಿ’ ಹೋಯಿತು. ತನಗೊಂದು ನಕಲು ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಲಿಲ್ಲ. ತಾನು ಬರೆದದ್ದನ್ನು ತಾನೊಬ್ಬನೇ ಕೇಳಿಸಿಕೊಂಡರೆ ಅದು ಅಕ್ಕನ ಮಾತು ಹೇಗಾದೀತು ಎಂದುಕೊಂಡ. ಆದರೂ ಭಾನುವಾರ ಊಟವಾದ ಮೇಲೆ ಕೈ ಕೇಳಬೇಕಲ್ಲ. ‘ಹೊಲಿ’ ಎಂದು ಟೈಪ್ ಮಾಡಿದ. ಕಪ್ಪು ಪರದೆ ಹೇಳಿತು: ‘ಹೊಲಿ’ ಸಿಗಲಿಲ್ಲ.

ಹೊಸ ಟೂಲು ಚುರುಕಾಗಿತ್ತು, ಸುಳ್ಳು ಹೇಳಬಾರದು. ‘ಹೆಸರು ನಮೂದಿಸಿ’ ಎನ್ನುತ್ತಿತ್ತು. ಮುಗಿದಾಗ ‘ಯಶಸ್ವಿ’ ಎನ್ನುತ್ತಿತ್ತು.

ನಾಲ್ಕು ತಿಂಗಳ ನಂತರ ಪಕ್ಕದ ಕುರ್ಚಿಗೆ ಒಬ್ಬಾಕೆ ಬಂದಳು. ಮಕ್ಕಳನ್ನು ಬೆಳೆಸಿ, ಹತ್ತು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಸೇರಿದವಳು. ‘ಹೊಲಿ’ಯ ಮುಖವನ್ನೇ ಅವಳು ಕಂಡಿರಲಿಲ್ಲ. ಒಂದು ಮಧ್ಯಾಹ್ನ ಅವನತ್ತ ತಿರುಗಿ ಕೇಳಿದಳು.

“ಸರ್, ಈ ಸಮಯದ ಪಟ್ಟಿ ಇದೆಯಲ್ಲ, ಇದಕ್ಕೆ ಜೇಬು ಬೇಕಾ?”

ಅವನು ಕುರ್ಚಿಯನ್ನೇ ಅವಳತ್ತ ತಿರುಗಿಸಿದ. “ಆ ಮಾತು ನಿಮಗೆ ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ. ಇಲ್ಲಿ ಎಲ್ರೂ ಹಂಗೇ ಅಂತಾರಲ್ಲ. ತಪ್ಪಾ?”

“ಇಲ್ಲ, ಸರಿಯಾಗೇ ಇದೆ,” ಎಂದ ಜೇಬಣ್ಣ. “ಬೇಕು. ಜೇಬು ಇರ್ಲಿ.”

ಆ ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬೀದಿಯ ಕಡೆಯ ಕೋಣೆಗೆ ಹೋದ. ಯಂತ್ರದ ಮೇಲಿನ ಬಟ್ಟೆ ತೆಗೆದು, ಧೂಳು ಕೊಡವಿ, ಅಕ್ಕನ ಸ್ಟೂಲಿನ ಮೇಲೆ ಕೂತ.

“ಅಕ್ಕಾ, ಇವತ್ತೊಬ್ರು ಜೇಬು ಬೇಕಾ ಅಂತ ಕೇಳಿದ್ರು,” ಎಂದ, ಗಟ್ಟಿಯಾಗಿ.

ಯಾರಿಗೆ ಹೇಳುತ್ತಿದ್ದೀಯ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕೇಳಿದ್ದರೆ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು.