ಕೆಂಪು ಶಾಯಿಯ ಪ್ರಶ್ನೆ

“ನಿಮ್ಮಪ್ಪಾರ ಹೆಸರೇನ್ರಿ? ಯಜಮಾನ್ರು ಎಲ್ಲದಾರ್ರಿ?”

ಕೂಡ್ಲಿಗಿಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದ ನನ್ನನ್ನು ಮೆಕ್ಯಾನಿಕ್‌ನ ಹೆಂಡತಿ ಖಾಸಿಂಬೀ ಹೊಸ್ತಿಲಲ್ಲೇ ತಡೆದಳು. ಮದುವೆಯಾಗಿಲ್ಲ ಎಂದೆ. ಅಡಿಯಿಂದ ಮುಡಿಯವರೆಗೆ ನೋಡಿದಳು. ಉಡುಪಿಯವರಾದ ನಿಮಗೆ ಗೊತ್ತಲ್ಲ, ನಮ್ಮಲ್ಲಿ “ಯಾವ ಮನೆಯವಳು?” ಎಂದು ಕೇಳುತ್ತಾರೆ, ಅಮ್ಮನ ಮನೆಯ ಹೆಸರು ಹೇಳಿದರೆ ಮುಗಿಯಿತು. ಇಲ್ಲಿ ನನ್ನಮ್ಮನ ಹೆಸರು ಯಾರಿಗೂ ಬೇಕಾಗಲಿಲ್ಲ. ಹಾಗೂ ಹೀಗೂ ಕೋಣೆ ಸಿಕ್ಕಿತು. ಕುಚ್ಚಲಕ್ಕಿ ಇಲ್ಲದೆ ಒಣಗುತ್ತಿದ್ದವಳಿಗೆ ಒಂದೇ ವಾರದಲ್ಲಿ ಖಾಸಿಂಬೀ ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಕೊಡತೊಡಗಿದಳು.

ನಾನು ಬಂದದ್ದು ಮುಂದೆ ಮಾಸ್ತರರಾಗುವವರಿಗೆ ಪಾಠ ಮಾಡುವುದನ್ನು ಕಲಿಸಲು. ಇಸವಿ ಎಂಬತ್ತರ ಆಸುಪಾಸು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಗತ್ತು ಮಾತ್ರ ಖಾಯಂ. ಹರಪನಹಳ್ಳಿ ಕಡೆಯ ಹುಲಿಗೆಮ್ಮ ನನ್ನ ವಿದ್ಯಾರ್ಥಿನಿ. ‘ನಮ್ಮ ಕುಟುಂಬ’ ಪಾಠಕ್ಕೆ ಅವಳು ಬರೆದ ಯೋಜನೆಯಲ್ಲಿ ಪೀಠಿಕೆಯ ಪ್ರಶ್ನೆಯೇ ಇರಲಿಲ್ಲ. ‘ನಿನ್ನ ತಂದೆಯ ಹೆಸರೇನು?’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

“ಈ ಪ್ರಶ್ನಿ ಬ್ಯಾಡ್ರಿ ಮೇಡಂ.”

“ಯಾಕೆ?”

ಅವಳು ತಲೆ ತಗ್ಗಿಸಿದಳು. ಸೋಮಾರಿತನ ಅಂದುಕೊಂಡೆ.

ಕೊನೆಯ ಪಾಠಪರೀಕ್ಷೆಯ ದಿನ ಶಾಲೆಯ ಮಕ್ಕಳ ಮುಂದೆ ನಿಂತ ಹುಲಿಗೆಮ್ಮ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದಳು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲಿದ್ದ ಪರೀಕ್ಷಕರು ಸಿಟ್ಟಾಗಿ, ಮುಂದಿನ ಸಾಲಿನ ಹುಡುಗಿಯನ್ನು ತಾವೇ ಎಬ್ಬಿಸಿದರು. “ನಿಮ್ಮಪ್ಪನ ಹೆಸರೇನಮ್ಮಾ?” ಹುಡುಗಿ ಪಾಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಯಾರೋ ಕಿಸಕ್ಕನೆ ನಕ್ಕರು.

“ಆಕಿನ್ನ ಬಿಡ್ರಿ ಸಾರ್, ನನ್ನ ಕೇಳ್ರಿ,” ಎಂದಳು ಹುಲಿಗೆಮ್ಮ. “ನನಗೂ ಗೊತ್ತಿಲ್ರಿ. ನಮ್ಮವ್ವಗ ದೇವರ ಹೆಸರ್ಲೆ ಮುತ್ತು ಕಟ್ಟ್ಯಾರ.”

ದೇವರಿಗೆ ಬಿಟ್ಟ ಹೆಣ್ಣುಮಕ್ಕಳಿಗೆ ಹುಟ್ಟಿದವರು ಆ ತರಗತಿಯಲ್ಲಿ ಇನ್ನೆಷ್ಟು ಜನವೋ! ಅಮ್ಮನ ಮನೆಯ ಹೆಸರಿನಲ್ಲೇ ಬೆಳೆದ ನಾನೇ ಆ ಪ್ರಶ್ನೆ ಬರೆದಿದ್ದೆ.

“ಯೋಜನೆಯಲ್ಲಿ ಇದ್ದದ್ದನ್ನು ಬಿಟ್ಟದ್ದು ತಪ್ಪು,” ಎಂದರು ಪರೀಕ್ಷಕರು. ಹುಲಿಗೆಮ್ಮ ನನ್ನ ಕಡೆ ನೋಡಿದಳು. ‘ತಪ್ಪು ನನ್ನದು’ ಎಂದು ಎದ್ದು ನಿಂತು ಹೇಳಿದ್ದರೆ ಸಾಕಿತ್ತು. ಕೆಲಸ ಹೋದೀತೆಂಬ ಭಯಕ್ಕೆ ಬಾಯಿ ಕಟ್ಟಿಹೋಯಿತು. ಅವಳು ಫೇಲಾದಳು.

ಮರುದಿನ ಅವಳಲ್ಲಿ ತಪ್ಪೊಪ್ಪಿಕೊಂಡೆ. “ಆವಾಗ ಹೇಳಬೇಕಿತ್ರಿ ಮೇಡಂ,” ಎಂದಳು, ಅಷ್ಟೆ. ಆ ರಾತ್ರಿ ಊರಿಗೆ ಓಡಿಹೋಗಬೇಕು ಅನ್ನಿಸಿತ್ತು.

ಹೋಗಲಿಲ್ಲ. ಮರುವರ್ಷ ಅವಳು ಅದೇ ಪಾಠಕ್ಕೆ ನಿಂತಳು. ಈ ಸಲ ಪೀಠಿಕೆ ಅವಳದ್ದೇ, ಕೆಳಗೆ ನನ್ನ ಸಹಿ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಬೇರೆ ಪರೀಕ್ಷಕರು.

“ಮುಂಜಾನಿ ನಿಮಗ ರೊಟ್ಟಿ ಕೊಟ್ಟಾರ ಯಾರು?”

“ಅವ್ವ!” “ಅಮ್ಮೀ!” ತಾಂಡಾದ ಹುಡುಗಿಯೊಬ್ಬಳು “ಯಾಡಿ” ಎಂದಳು. ಲಂಬಾಣಿ ಮಾತಿನಲ್ಲಿ ಅಮ್ಮ. “ಬಾಜೂ ಮನಿ ಅಜ್ಜಿ,” ಎಂದಿತು ಇನ್ನೊಂದು ಮಗು. ಯಾರೂ ನಗಲಿಲ್ಲ. ಪರೀಕ್ಷಕರು ಬರೆದುಕೊಳ್ಳುತ್ತಿದ್ದರು.

ಹುಲಿಗೆಮ್ಮ ನನ್ನ ಕಡೆ ತಿರುಗಿದಳು. “ನಿಮಗ್ರಿ, ಮೇಡಂ?”

ನಾಲಗೆಯ ತುದಿಗೆ ಬಂದದ್ದು ಅಮ್ಮನ ಹೆಸರು. ಅಮ್ಮ ಇದ್ದದ್ದು ಉಡುಪಿಯಲ್ಲಿ. ಮಕ್ಕಳೆಲ್ಲ ಹಿಂತಿರುಗಿ ನೋಡುತ್ತಿದ್ದರು. ಈ ಸಲ ಎದ್ದು ನಿಂತೆ.

“ಖಾಸಿಂಬೀ,” ಎಂದೆ.