ಬುಧವಾರದ ಉಸಿರು

ಪಾರ್ಕಿನ ಮೇಸ್ತ್ರಿಯನ್ನು ಊರವರು ಚೊಕ್ಕಟಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಮನುಷ್ಯ. ಬೆಂಚಿನ ಮೇಲೆ ಒಂದು ಎಲೆ ಬಿದ್ದರೂ ಮರ ನಾಚಿಕೊಳ್ಳುವಂತೆ ದುರುಗುಟ್ಟಿ ನೋಡುತ್ತಿದ್ದ. ವಾಕಿಂಗಿನವರು ಬರುವ ಮೊದಲೇ ಉದುರಿದ್ದನ್ನೆಲ್ಲ ಗುಡಿಸಿ, ಹಿಂದಿನ ಗೋಡೆಯ ಮೂಲೆಗೆ ಒಯ್ದು ಬೆಂಕಿಯಿಟ್ಟುಬಿಡುತ್ತಿದ್ದ. ಹೊಗೆ ಮೇಲಕ್ಕೆ ಹೋಗುತ್ತದೆ, ಮೇಲೆ ಯಾರ ಮನೆಯೂ ಇಲ್ಲ ಎಂಬುದು ಅವನ ವಿಜ್ಞಾನ.

ಗೋಡೆಯಾಚೆ ಎರಡನೇ ಬೀದಿಯಲ್ಲಿ ಅವನ ಅಕ್ಕನ ಮನೆ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಈಗ ಅವಳಿಗೆ ಉಬ್ಬಸ. ಬೆಳಗಾದರೆ ಕಿಟಕಿ ಮುಚ್ಚಿ, ಮಂಚದ ತುದಿಯಲ್ಲಿ ಕೂತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆಯುತ್ತಿದ್ದಳು. ಬುಧವಾರ ಮಾತ್ರ ಆರಾಮ. ಅಂದು ಚೊಕ್ಕಟಣ್ಣನಿಗೆ ವಾರದ ರಜೆ. ಬೆಳಿಗ್ಗೆಯೇ ಅಕ್ಕನ ಮನೆಗೆ ಹೋಗುತ್ತಿದ್ದ. "ನಿನ್ನ ಮುಖ ನೋಡಿದ್ರೆ ಸಾಕು ಕಣೋ, ಉಸಿರು ತಾನಾಗೇ ಸರಾಗ ಆಗುತ್ತೆ" ಎನ್ನುತ್ತಿದ್ದಳು. ಈ ಮಾತನ್ನು ಅವನು ಹೆಂಡತಿಯ ಮುಂದೆ ಉಪ್ಪುಖಾರ ಹಚ್ಚಿ ವಾರವಾರವೂ ಹೇಳುತ್ತಿದ್ದ. ಆ ಮುಖದಿಂದ ತನಗೇನೂ ಅಂಥ ಗುಣ ಕಂಡಿಲ್ಲವೆಂದು ಹೇಳಿ ಅವಳು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಅಕ್ಕನ ಪ್ರಕಾರ ತಪ್ಪೆಲ್ಲ ಎದುರುಗಡೆ ಬೇಕರಿಯವನದು. ಅವನದು ಸೌದೆ ಒಲೆ. ಅವಳಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಆ ಒಲೆ ಮುಚ್ಚಿಸಲೇಬೇಕೆಂದು ಅವಳು ಪುರಸಭೆಗೆ ದೂರು ಕೊಟ್ಟಳು. ಬರೆದವನೂ ಒಯ್ದವನೂ ತಮ್ಮನೇ.

ಅದೇ ಹೊತ್ತಿಗೆ ಪುರಸಭೆಯವರು ದೀಪದ ಕಂಬಗಳಿಗೆ ಗಾಳಿ ಅಳೆಯುವ ಪೆಟ್ಟಿಗೆ ಕಟ್ಟಿಸಿದರು. ಎಂದೂ ಇಲ್ಲದ ಬುದ್ಧಿ ಬಂದು, ಅಳತೆಯನ್ನು ಬೀರುವಿನಲ್ಲಿ ಬಚ್ಚಿಡದೆ ಯಾರು ಬೇಕಾದರೂ ಫೋನಿನಲ್ಲಿ ನೋಡಿಕೊಳ್ಳಲಿ ಎಂದು ಬಿಟ್ಟುಬಿಟ್ಟರು. ಗಾಳಿ ಕೆಟ್ಟರೆ ಕೆಂಪು, ಚೆನ್ನಾಗಿದ್ದರೆ ಹಸಿರು. ಬೇಕರಿ ಬೀದಿ ಬೆಳಬೆಳಿಗ್ಗೆಯೇ ಕೆಂಪು. ಗೆದ್ದೆನೆಂದು ಅಕ್ಕ ಬೀಗಿದಳು.

ಬೇಕರಿಯವನು ಫೋನು ಹಿಡಿದು ಬಂದ. ತನ್ನ ಹೊಗೆಕೊಳವೆ ಮುಗಿಲು ಮುಟ್ಟುವಷ್ಟಿದೆ, ಸಾಲದ್ದಕ್ಕೆ ಭಾನುವಾರ ಒಲೆ ಹಚ್ಚುವುದೇ ಇಲ್ಲ, ಆದರೂ ಭಾನುವಾರ ಕೆಂಪು ಯಾಕಮ್ಮ ಎಂದು ಕೇಳಿದ. ಅಕ್ಕ ಸೋಲುವ ಪೈಕಿಯಲ್ಲ. ಇವನನ್ನು ಸಿಕ್ಕಿಸಿಯೇ ತೀರುತ್ತೇನೆಂದು ಕನ್ನಡಕ ಏರಿಸಿ, ಹಿಂದಿನ ವಾರಗಳ ಅಳತೆಯನ್ನೆಲ್ಲ ಫೋನಿನಲ್ಲಿ ತೆಗೆದು ನೋಡಿದಳು.

ಮುಂದಿನ ಬುಧವಾರ ಚೊಕ್ಕಟಣ್ಣ ಹೋದಾಗ ಬೇಕರಿಯವನು ಅಕ್ಕನ ನಡುಮನೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಇದ್ಯಾಕೋ ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೆ ಅನಿಸಿತು.

"ವಾರವೆಲ್ಲ ಕೆಂಪು, ಬುಧವಾರ ಮಾತ್ರ ಹಸಿರು" ಎಂದಳು ಅಕ್ಕ. "ಬುಧವಾರ ರಜಾ ಇರೋದು ಯಾರಿಗೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಜೇಬಿನ ಬೆಂಕಿಪೊಟ್ಟಣಕ್ಕೆ ಹೋಯಿತು. ಎಲೆ ಅಷ್ಟೇ, ಒಣಗಿದ ಎಲೆ, ಎಂದು ತೊದಲಿದ.

"ನೀನು ಬಂದಿದ್ದಕ್ಕೆ ಉಸಿರು ಬರ್ತಿತ್ತು ಅಂದ್ಕೊಂಡಿದ್ದೆ ಕಣೋ. ನೀನು ಕೆಲಸಕ್ಕೆ ಹೋಗದೆ ಇದ್ದಿದ್ದಕ್ಕೆ ಬರ್ತಿತ್ತು."

ಬೇಕರಿಯವನು ನಕ್ಕ. ಅಕ್ಕ ನಗಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ತನ್ನನ್ನು ನೋಡಿಯೇ ಹುಟ್ಟಿತೇನೋ ಅನಿಸಿತು ಚೊಕ್ಕಟಣ್ಣನಿಗೆ. ಅಂದೇ ಪುರಸಭೆಗೆ ಹೋಗಿ ದೂರು ವಾಪಸು ತಂದ.

ಗುರುವಾರ ಬೆಂಕಿಯಿಲ್ಲ. ಗುಂಡಿ ತೋಡಿ ಎಲೆ ತುಂಬಿ ಗೊಬ್ಬರಕ್ಕೆ ಬಿಟ್ಟ. ಗುಂಡಿ ತುಂಬಿದ ಮೇಲೂ ಮರಗಳು ಉದುರಿಸುವುದನ್ನು ನಿಲ್ಲಿಸಲಿಲ್ಲ, ಅವಕ್ಕೇನು ಗೊತ್ತು. ಚೊಕ್ಕಟಣ್ಣ ಹೋಗಿ ಗೊಬ್ಬರಣ್ಣ ಬಂದ ಎಂದು ವಾಕಿಂಗಿನವರು ಆಡಿಕೊಂಡರು. ಅಷ್ಟರಲ್ಲಿ ಊರೆಲ್ಲ ತಂತಮ್ಮ ಬೀದಿಯ ಕೆಂಪಿಗೆ ಕಾರಣ ಹುಡುಕಲು ಹೊರಟಿತ್ತು. ಕಸಕ್ಕೆ ಕಡ್ಡಿ ಗೀರಲು ಒಬ್ಬರಿಗೂ ಧೈರ್ಯವಿರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ಕಿಟಕಿ ತೆಗೆದು ಕೂತಿದ್ದೇನೆ ಎಂದಳು. ಹಾಗಾದರೆ ಇನ್ನು ತಾನು ಬುಧವಾರ ಬರುವ ಅಗತ್ಯವಿಲ್ಲವಲ್ಲ ಎಂದು ಅವನು ಮುಖ ಊದಿಸಿಕೊಂಡು ಕೇಳಿದ. ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತಿತ್ತು, ಸರಾಗವಾಗಿ.

"ಬಾರೋ" ಎಂದಳು. "ಬೆಂಕಿಪೊಟ್ಟಣ ಮನೇಲಿಟ್ಟು ಬಾ."